ಹುಡುಗರು ಜಗಳವಾಡಿ ಹೋಗಿಲ್ಲ: ಸಭಾಪಾಲಕರಿಗೂ ಹಿರಿಯರಿಗೂ ಒಂದು ಬಹಿರಂಗ ಪತ್ರ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಬಿಷಪರಿಗೆ, ಸಭಾಪಾಲಕರಿಗೆ, ಫಾದರ್‌ಗಳಿಗೆ, ಕಮಿಟಿಯ ಹಿರಿಯರಿಗೆ ವಂದನೆಗಳು.

ನಾನು ಬಾಗಲಕೋಟೆ ಜಿಲ್ಲೆಯ ಒಂದು ಸಭೆಯವಳು. ಚರ್ಚಿನ ಬಳಗವನ್ನು ನಾವು ಸಭೆ ಅನ್ನುತ್ತೇವೆ, ಅದರ ಪಾಸ್ಟರನ್ನು ಸಭಾಪಾಲಕರು ಅನ್ನುತ್ತೇವೆ. ವಾರವಿಡೀ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ರವಿವಾರ ಸಂಡೇ ಸ್ಕೂಲ್ ನೋಡಿಕೊಳ್ಳುತ್ತೇನೆ, ದೃಢೀಕರಣಕ್ಕೆ, ಅಂದರೆ ಬೆಳೆದ ಮಕ್ಕಳು ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ಒಪ್ಪಿಕೊಳ್ಳುವ ವಿಧಿಗೆ, ತಯಾರಾಗುವ ಮಕ್ಕಳಿಗೆ ಪಾಠ ಮಾಡುತ್ತೇನೆ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆಯನ್ನು ನನ್ನ ಹತ್ತಿರ ಕಲಿತ ಮಕ್ಕಳು ಈಗ ಧಾರವಾಡ, ಪುಣೆ, ಬೆಂಗಳೂರಿನಲ್ಲಿದ್ದಾರೆ. ಅವರಲ್ಲಿ ಜಾಸ್ತಿ ಜನ ಯಾವ ಚರ್ಚಿಗೂ ಹೋಗುವುದಿಲ್ಲ. ಊರಲ್ಲೇ ಉಳಿದವರು ಕ್ರಿಸ್ಮಸ್‌ಗೆ ಹೊಸ ಬಟ್ಟೆ ಹಾಕಿಕೊಂಡು ಬಂದು, ಫೋಟೋ ತೆಗೆಸಿಕೊಂಡು ಹೋಗುತ್ತಾರೆ.

ಈ ಮಾತು ನಮ್ಮ ವಾರ್ಷಿಕ ಸಭೆಯಲ್ಲೂ ಬಂತು. ಒಬ್ಬರು ಮೊಬೈಲ್ ಕೆಡಿಸಿತು ಅಂದರು. ಒಬ್ಬರು ತಂದೆತಾಯಿಯದೇ ತಪ್ಪು ಅಂದರು. ಕೊನೆಗೆ ಹೊಸ ಸೌಂಡ್ ಸಿಸ್ಟಮ್, ದೊಡ್ಡ ಪರದೆ, ಡ್ರಮ್ ಸೆಟ್ ತರೋಣ ಎಂದು ತೀರ್ಮಾನವಾಯಿತು. ಬೇರೆ ಸಭೆಗಳಲ್ಲಿರುವ ಗೆಳತಿಯರನ್ನು ಕೇಳಿದೆ. ಅಲ್ಲೂ ಇದೇ ಕಥೆ. ಹೀಗಾಗಿ ಒಂದು ಕಮಿಟಿಗೆ ಬರೆಯುವ ಬದಲು ಎಲ್ಲರಿಗೂ ಬರೆಯುತ್ತಿದ್ದೇನೆ.

ನಮ್ಮ ಹುಡುಗರು ಯಾರ ಜೊತೆಗೂ ಜಗಳವಾಡಿ ಹೋಗಿಲ್ಲ. ದೇವರಿಲ್ಲ ಎಂದು ವಾದ ಮಾಡಿಯೂ ಹೋಗಿಲ್ಲ. ಅರ್ಜಿಯಲ್ಲಿ ಧರ್ಮ ಕೇಳಿದರೆ ಈಗಲೂ ‘ಕ್ರಿಶ್ಚಿಯನ್’ ಅಂತಲೇ ಬರೆಯುತ್ತಾರೆ. ಅವರ ದಿನದಲ್ಲಿ ದೇವರಿಗೆ ಕೆಲಸ ಇಲ್ಲದಂತಾಗಿದೆ, ಅಷ್ಟೇ. ಹಾಗಾಗುವ ಮುಂಚೆ ಅವರು ನಮ್ಮನ್ನು ಏನೋ ಕೇಳಿದ್ದರು. ನಾವು ಕೂತು ಕೇಳಿಸಿಕೊಂಡಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು ಎಂಬುದು ನನ್ನ ನಂಬಿಕೆ. ಪತ್ರ ಬರೆಯಲು ಕಾರಣ ಇದೇ.

ಮೊದಲು ನಮ್ಮ ಹಿರಿಯರು ಚರ್ಚಿಗೆ ಯಾಕೆ ಬಂದರು ಎಂದು ನೋಡೋಣ. ಇಂಗ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಲಂಡನ್ ಮಿಷನ್‌ನವರು 1820ರಲ್ಲಿ ಬೆಳಗಾವಿಗೆ ಬಂದರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1851ರಲ್ಲಿ ನಮ್ಮ ಗುಳೇದಗುಡ್ಡಕ್ಕೆ ಬಂದರು. ಆಗ ಓದು ಬೇಕಿದ್ದವರಿಗೆ ಬೇರೆ ಬಾಗಿಲು ಎಲ್ಲಿತ್ತು? ಶಾಲೆ ಮಿಷನ್‌ನದು, ಔಷಧಿ ಮಿಷನ್‌ನದು, ಕೆಲವು ಕಡೆ ಕೆಲಸವೂ ಮಿಷನ್‌ನದೇ. 1876ರಿಂದ 78ರವರೆಗಿನ ಧಾತು ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ, ಅಂದರೆ ಈಗಿನ ಬಾಗಲಕೋಟೆ-ವಿಜಯಪುರದ ಸೀಮೆ, ನಲುಗಿಹೋಯಿತು. ತಬ್ಬಲಿಯಾದ ಮಕ್ಕಳನ್ನು ಮಿಷನ್‌ನವರು ಸಾಕಿದರು. ಊರಲ್ಲಿ ಕೆರೆ ಮುಟ್ಟಲು ಬಿಡದವರ ನಡುವೆ, ಒಂದೇ ಬಟ್ಟಲಿನಿಂದ ದ್ರಾಕ್ಷಾರಸ ಕುಡಿಸಿದ ಜಾಗ ಚರ್ಚು. ನನ್ನ ಮುತ್ತಜ್ಜಿಯ ಕಾಲದವರಿಗೆ ನಂಬಿಕೆ, ಅನ್ನ, ಅಕ್ಷರ, ಮರ್ಯಾದೆ ಎಲ್ಲಾ ಒಟ್ಟಿಗೇ ಸಿಕ್ಕವು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಈಗ ಸರಕಾರಿ ಶಾಲೆ ಇದೆ, ಬಿಸಿಯೂಟ ಇದೆ, ರೇಷನ್ ಕಾರ್ಡ್ ಇದೆ, ಆಸ್ಪತ್ರೆಗೆ ಆಯುಷ್ಮಾನ್ ಕಾರ್ಡ್ ಇದೆ. ಸಾಲಕ್ಕೆ ಸೊಸೈಟಿ ಇದೆ. ಯಾರೂ ಒಂದು ತುತ್ತಿಗಾಗಿ ನಮ್ಮ ಬಾಗಿಲಿಗೆ ಬರಬೇಕಿಲ್ಲ. ಇದಕ್ಕೆ ನಾವು ದೇವರಿಗೆ ಸ್ತೋತ್ರ ಹೇಳಬೇಕು. ಹಸಿದವರು ನಮ್ಮನ್ನು ಬಿಟ್ಟರೆ ಗತಿಯಿಲ್ಲ ಎಂದಿರಲಿ ಎಂದು ಯಾವ ಸಭೆಯೂ ಬಯಸಬಾರದು. ಆದರೆ ಇದರಿಂದ ಒಂದು ಮಾತು ಸ್ಪಷ್ಟವಾಯಿತು. ಇನ್ನು ಮೇಲೆ ಚರ್ಚಿಗೆ ಬರುವವರು ಯೇಸುವಿಗಾಗಿಯೇ ಬರಬೇಕು. ಬೇರೆ ಯಾವ ಕಾರಣವೂ ಅವರನ್ನು ಎಳೆದು ತರುವುದಿಲ್ಲ. ಹಾಗಾದರೆ ಅವರು ಬಂದಾಗ ಯೇಸುವಿನ ಬಗ್ಗೆ, ಅವರ ಬದುಕಿನ ಬಗ್ಗೆ ಮಾತಾಡುವವರು ಅಲ್ಲಿ ಇರಬೇಕಲ್ವಾ?

ಓಣಿಯೂ ಹೋಯಿತು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಲಮಟ್ಟಿ ಹಿನ್ನೀರು ಬಂದು ಹಳೇ ಬಾಗಲಕೋಟೆಯ ಎಷ್ಟೋ ಭಾಗ ಮುಳುಗಿತು. ಒಂದೇ ಓಣಿಯಲ್ಲಿ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ಮನೆಗಳು ನವನಗರದ ಬೇರೆ ಬೇರೆ ಸೆಕ್ಟರ್‌ಗೆ ಹಂಚಿಹೋದವು. ಮೊದಲು ಸಂಜೆ ಒಂದು ಮನೆಯಲ್ಲಿ ಭಜನೆ ಶುರುವಾದರೆ ಪಕ್ಕದ ಮನೆಯವರು ಒಲೆ ಮುಂದೆ ಕೂತೇ ದನಿ ಕೂಡಿಸುತ್ತಿದ್ದರು. ಮಗು ನಂಬಿಕೆಯನ್ನು ಕಲಿತದ್ದು ಹಾಗೆ, ಪಾಠದಿಂದಲ್ಲ. ಈಗ ಪಕ್ಕದ ಮನೆಯವರು ಯಾರು ಎಂದು ಗೊತ್ತಾಗಲು ವರ್ಷ ಬೇಕು. ಬೆಳಗಾವಿಯಲ್ಲಿ, ವಿಜಯಪುರದಲ್ಲಿ ನೀರು ಬರದಿದ್ದರೂ ಇದೇ ಆಗಿದೆ. ಮಿಷನ್ ಕಂಪೌಂಡಿನ ಮನೆಗಳು ಖಾಲಿಯಾಗಿ ಜನ ಲೇಔಟ್‌ಗಳಿಗೆ ಹೋದರು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇ 1.87. ನಮ್ಮ ಮೂರು ಜಿಲ್ಲೆಗಳಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಇಷ್ಟು ಕಡಿಮೆ ಜನ, ಅದರಲ್ಲೂ ಚದುರಿ ಕೂತರೆ, ಒಬ್ಬ ಹುಡುಗ ತನ್ನ ಕ್ಲಾಸಿನಲ್ಲಿ, ತನ್ನ ಬೀದಿಯಲ್ಲಿ, ತನ್ನ ಆಫೀಸಿನಲ್ಲಿ ಒಬ್ಬನೇ ಕ್ರೈಸ್ತನಾಗಿರುತ್ತಾನೆ. ಒಬ್ಬನೇ ನಂಬಿಕೆ ಹಿಡಿದುಕೊಂಡಿರುವುದು ಸುಲಭ ಅಲ್ಲ.

ರವಿವಾರದ ಕಥೆ ನಿಮಗೆ ಗೊತ್ತೇ ಇದೆ. ನೀಟ್ ಪರೀಕ್ಷೆ ರವಿವಾರ, ನೇಮಕಾತಿ ಪರೀಕ್ಷೆಗಳು ರವಿವಾರ, ಕೋಚಿಂಗ್ ಟೆಸ್ಟ್ ರವಿವಾರ. ಅಂಗಡಿ, ಮಾಲ್‌ನಲ್ಲಿ ಕೆಲಸ ಮಾಡುವವರಿಗೆ ರವಿವಾರವೇ ಜಾಸ್ತಿ ಕೆಲಸ. ಅವರನ್ನು ವೇದಿಕೆಯಿಂದ ಬೈದರೆ ಪರೀಕ್ಷೆಯ ದಿನ ಬದಲಾಗುವುದಿಲ್ಲ. ಸಂಜೆ ಒಂದು ಆರಾಧನೆ ಇಟ್ಟರೆ ಸಾಕು. ಇದಕ್ಕೆ ಇಷ್ಟು ಯೋಚನೆ ಯಾಕೆ ಎಂದು ನನಗೆ ತಿಳಿಯುವುದಿಲ್ಲ.

ನಮ್ಮ ಹಿರಿಯರು ಹೇಳುವ ಇನ್ನೊಂದು ಮಾತಿದೆ: ಪಶ್ಚಿಮದ ಗಾಳಿ ಬೀಸಿ ಮಕ್ಕಳು ಕೆಟ್ಟರು ಅಂತ. ಆ ಪಶ್ಚಿಮದಲ್ಲಿ ಏನಾಗಿದೆ ಎಂದು ಸರಿಯಾಗಿ ನೋಡಬೇಕು, ಯಾಕೆಂದರೆ ನಮಗೆ ಸುವಾರ್ತೆ ಬಂದದ್ದೇ ಅಲ್ಲಿಂದ. ಬಾಸೆಲ್ ಮಿಷನ್‌ನವರಲ್ಲಿ ಬಹಳ ಜನ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಮನೆಮನೆಯಲ್ಲಿ ಕೂತು ಬೈಬಲ್ ಓದಿ ಬೆಳೆದವರು. ಅದೇ ಜರ್ಮನಿಯಲ್ಲಿ 2022ರ ವೇಳೆಗೆ ಕಥೋಲಿಕರು, ಪ್ರೊಟೆಸ್ಟೆಂಟರು ಎರಡೂ ಸಭೆಗಳ ಸದಸ್ಯರನ್ನು ಕೂಡಿಸಿದರೂ ದೇಶದ ಜನರ ಅರ್ಧಕ್ಕಿಂತ ಕಡಿಮೆಯಾಯಿತು. ಬೆಳಗಾವಿಗೆ ಮಿಷನರಿಗಳನ್ನು ಕಳಿಸಿದ ಇಂಗ್ಲೆಂಡಿನಲ್ಲೂ ಹೀಗೇ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2011ರಲ್ಲಿ ಶೇ 59.3 ಜನ ತಾವು ಕ್ರೈಸ್ತರು ಎಂದು ಬರೆಸಿದ್ದರು. 2021ರಲ್ಲಿ ಅದು ಶೇ 46.2ಕ್ಕೆ ಇಳಿಯಿತು. ಧರ್ಮವೇ ಇಲ್ಲ ಎಂದವರು ಶೇ 37.2.

ಅಲ್ಲಿಯ ಸಭೆಗಳು ಬಡವಾಗಿರಲಿಲ್ಲ. ಜರ್ಮನಿಯಲ್ಲಿ ಸಭೆಯ ಸದಸ್ಯರ ಆದಾಯ ತೆರಿಗೆಯ ಮೇಲೆ ಶೇ 8 ಅಥವಾ 9ರಷ್ಟು ಚರ್ಚ್ ತೆರಿಗೆಯನ್ನು ಸರಕಾರವೇ ವಸೂಲಿ ಮಾಡಿ ಕೊಡುತ್ತದೆ. ಒಳ್ಳೆಯ ಕಟ್ಟಡ, ದೊಡ್ಡ ಆರ್ಗನ್, ಓದಿದ ಪಾಸ್ಟರ್, ಸಭೆಯದೇ ಆಸ್ಪತ್ರೆ, ಎಲ್ಲಾ ಇವೆ. ಆದರೂ ಜನ ಕಚೇರಿಗೆ ಹೋಗಿ, ಸಹಿ ಹಾಕಿ, ಸದಸ್ಯತ್ವ ಬಿಟ್ಟು ಬರುತ್ತಾರೆ. ಕಥೋಲಿಕ ಪಾದ್ರಿಗಳಿಂದ ಮಕ್ಕಳ ಮೇಲೆ ನಡೆದ ದೌರ್ಜನ್ಯದ ವರದಿ 2018ರಲ್ಲಿ ಹೊರಬಂದ ಮೇಲಂತೂ ಬಿಟ್ಟವರು ಇನ್ನೂ ಹೆಚ್ಚಾದರು. ಆಸ್ತಿ ನಂಬಿಕೆಯನ್ನು ಉಳಿಸಲಿಲ್ಲ. ಸಭೆಯ ಮೇಲಿನ ಭರವಸೆ ಹೋದಾಗ ಸಭೆಯೂ ಹೋಯಿತು. ನಮ್ಮಲ್ಲಿ ಬಿಟ್ಟು ಹೋಗುವವರು ಸಹಿ ಹಾಕಬೇಕಿಲ್ಲ. ಹಾಗಾಗಿ ಎಷ್ಟು ಜನ ಹೋದರು ಎಂದು ನಮಗೆ ಗೊತ್ತೇ ಆಗುವುದಿಲ್ಲ. ರಿಜಿಸ್ಟರಿನಲ್ಲಿ ಎಲ್ಲರ ಹೆಸರೂ ಇದೆ, ಬೆಂಚು ಮಾತ್ರ ಖಾಲಿ.

ಈಗ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಅವನ ಊರು, ಹೆಸರು ಬೇಡ. ದೃಢೀಕರಣದ ಕ್ಲಾಸಿನಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ. ಅವನ ಅಜ್ಜಿಗೆ ಕ್ಯಾನ್ಸರ್ ಆಯಿತು. ಸಭೆಯವರೆಲ್ಲಾ ಪ್ರಾರ್ಥನೆ ಮಾಡಿದರು, ಉಪವಾಸವಿದ್ದರು. ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಆಪರೇಷನ್, ಕೀಮೋ ಎಲ್ಲಾ ಆಯಿತು. ಅಜ್ಜಿ ಹುಷಾರಾಗಿ ಬಂದರು. ಒಂದು ರವಿವಾರ ಮನೆಯವರು ಸಾಕ್ಷಿ ಹೇಳಿದರು. ದೇವರು ಮುಟ್ಟಿ ಗುಣಮಾಡಿದ ಎಂದು ಹೇಳಿ ಅತ್ತರು. ಸಭೆ ‘ಹಲ್ಲೆಲೂಯ’ ಎಂದಿತು. ನಾನೂ ಅಂದೆ, ಈಗಲೂ ಅನ್ನುತ್ತೇನೆ.

ಕ್ಲಾಸಿಗೆ ಬಂದಾಗ ಹುಡುಗ ಕೇಳಿದ: ‘ಮಿಸ್, ಸಾಕ್ಷಿಯಲ್ಲಿ ಡಾಕ್ಟರ ಹೆಸರು ಯಾಕೆ ಬರಲಿಲ್ಲ? ಅಜ್ಜಿ ಪಕ್ಕದ ಬೆಡ್‌ನಲ್ಲಿ ಇನ್ನೊಬ್ಬರು ಇದ್ದರು. ಅವರ ಮನೆಯವರೂ ಪ್ರಾರ್ಥನೆ ಮಾಡುತ್ತಿದ್ದರು. ಅವರು ತೀರಿಕೊಂಡರು. ಅವರ ಪ್ರಾರ್ಥನೆಯನ್ನು ದೇವರು ಕೇಳಲಿಲ್ವಾ?’

ಅವನ ದನಿಯಲ್ಲಿ ಅಹಂಕಾರ ಇರಲಿಲ್ಲ. ಆ ಪಕ್ಕದ ಬೆಡ್ಡಿನವರಿಗೆ ಇವನೇ ಕೆಳಗಿನ ಅಂಗಡಿಯಿಂದ ಚಹಾ ತಂದು ಕೊಡುತ್ತಿದ್ದನಂತೆ. ನಾನು ಬಾಯಿ ತೆರೆಯುವ ಮುಂಚೆ, ಬಾಗಿಲಲ್ಲಿ ನಿಂತಿದ್ದ ಹಿರಿಯರೊಬ್ಬರು ಗದರಿದರು. ಸಂದೇಹ ಸೈತಾನನ ಬಿತ್ತನೆ, ಇಂಥ ಮಾತು ದೇವರ ಮನೆಯಲ್ಲಿ ಬೇಡ ಎಂದರು. ಹುಡುಗ ತಲೆ ತಗ್ಗಿಸಿ ಕೂತ. ದೃಢೀಕರಣ ಪಡೆದ. ಬಿಳಿ ಅಂಗಿ ಹಾಕಿಕೊಂಡು ಕರ್ತನ ಭೋಜನ (ಯೇಸುವಿನ ನೆನಪಿನ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಂಡ. ಆಮೇಲೆ ಬರುವುದು ನಿಂತಿತು.

ನಾನು ಅವನ ಮನೆಗೆ ಹೋಗಿದ್ದೆ. ‘ಸಿಟ್ಟಾ?’ ಎಂದು ಕೇಳಿದೆ. ‘ಇಲ್ಲ ಮಿಸ್, ಯಾರ ಮೇಲೂ ಸಿಟ್ಟಿಲ್ಲ. ಅಲ್ಲಿ ಬಂದು ಸುಮ್ನೆ ಕೂರೋಕೆ ಮನಸ್ಸು ಬರಲ್ಲ’ ಅಂದ. ಅಜ್ಜಿಗೆ ಮಾತ್ರೆ ಕೊಡುವ ಹೊತ್ತಾಗಿತ್ತು, ಎದ್ದು ಕೊಟ್ಟು ಬಂದ. ಅವನು ಈಗ ನರ್ಸಿಂಗ್ ಓದುತ್ತಿದ್ದಾನೆ. ಒಳ್ಳೆಯ ಹುಡುಗ. ಆ ಮಗುವಿನ ಪ್ರಶ್ನೆಯಲ್ಲಿ ನನಗೆ ಸೈತಾನ ಕಾಣಲಿಲ್ಲ. ಪಕ್ಕದ ಹಾಸಿಗೆಯವರಿಗಾಗಿ ಮರುಗುವ ಮನಸ್ಸು ಕಂಡಿತು. ಆ ಮನಸ್ಸನ್ನು ಅವನಿಗೆ ಕಲಿಸಿದ್ದು ನಮ್ಮದೇ ಸಂಡೇ ಸ್ಕೂಲು, ಗಾಯಗೊಂಡು ಬಿದ್ದ ಅಪರಿಚಿತನನ್ನು ಉಪಚರಿಸಿದ ಒಳ್ಳೆಯ ಸಮಾರ್ಯದವನ ಕಥೆ.

ಪ್ರಿಯ ಸಭಾಪಾಲಕರೇ, ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ನೀವು ಶಿಲುಬೆಯಲ್ಲಿ ಯೇಸು ಆಡಿದ ಏಳು ಮಾತುಗಳ ಮೇಲೆ ಪ್ರಸಂಗ ಮಾಡುತ್ತೀರಿ. ನಾಲ್ಕನೇ ಮಾತು ಏನು? ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?’ ಅದು ಪ್ರಶ್ನೆಯೇ ಅಲ್ವಾ? ನಮ್ಮ ಕರ್ತನೇ ಅದನ್ನು ದೊಡ್ಡ ದನಿಯಲ್ಲಿ ಕೇಳಿದ. ಇಪ್ಪತ್ತೆರಡನೇ ಕೀರ್ತನೆ ಶುರುವಾಗುವುದೇ ಆ ಪ್ರಶ್ನೆಯಿಂದ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನು ಅಧ್ಯಾಯಗಟ್ಟಲೆ ದೇವರ ಜೊತೆ ವಾದ ಮಾಡಿದ. ಕೊನೆಗೆ ದೇವರು ಕೋಪಿಸಿಕೊಂಡದ್ದು ಯೋಬನ ಮೇಲಲ್ಲ, ದೇವರ ಪರವಾಗಿ ಸಿದ್ಧ ಉತ್ತರ ಕೊಟ್ಟ ಗೆಳೆಯರ ಮೇಲೆ. ಯೇಸು ಎದ್ದು ಬಂದ ಸುದ್ದಿ ಕೇಳಿದಾಗ ಶಿಷ್ಯ ತೋಮನು ಗಾಯ ಮುಟ್ಟದೆ ನಂಬುವುದಿಲ್ಲ ಎಂದ. ಯೇಸು ಅವನನ್ನು ಹೊರಗೆ ಹಾಕಲಿಲ್ಲ. ಹತ್ತಿರ ಕರೆದು ಕೈ ತೋರಿಸಿದ. ಮೂರ್ಛೆರೋಗದ ಮಗನನ್ನು ತಂದ ತಂದೆ ನಂಬುತ್ತೇನೆ ಅಂದ, ಅದೇ ಉಸಿರಿನಲ್ಲಿ ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂದ. ಆ ಮಗನೂ ಗುಣವಾದ. ಇಂಥ ಗ್ರಂಥ ಕೈಯಲ್ಲಿ ಹಿಡಿದುಕೊಂಡು ಮಕ್ಕಳ ಪ್ರಶ್ನೆಗೆ ಯಾಕೆ ಹೆದರುತ್ತೇವೆ?

ಪ್ರಶ್ನೆಗೆಲ್ಲಾ ನಿಮ್ಮ ಹತ್ತಿರ ಉತ್ತರ ಇರಲೇಬೇಕು ಎಂದು ನಾನು ಹೇಳುತ್ತಿಲ್ಲ. ಪಕ್ಕದ ಹಾಸಿಗೆಯವರು ಯಾಕೆ ತೀರಿಕೊಂಡರು ಎಂದು ನನಗೂ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವ ಪಾಸ್ಟರ್‌ನನ್ನು ಹುಡುಗರು ನಂಬುತ್ತಾರೆ. ಡಾಕ್ಟರ ಕೈಯೂ ದೇವರು ಕೊಟ್ಟದ್ದೇ, ಅವರ ಹೆಸರು ಹೇಳಿದರೆ ದೇವರ ಮಹಿಮೆ ಕಡಿಮೆಯಾಗುವುದಿಲ್ಲ ಎಂದು ವೇದಿಕೆಯಿಂದ ಒಮ್ಮೆ ಹೇಳಿ ನೋಡಿ. ವಿಜ್ಞಾನ ಓದುವ ಮಕ್ಕಳ ಮುಖ ಅರಳುತ್ತದೆ. ಇದನ್ನು ನನ್ನ ಕ್ಲಾಸಿನಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ.

ಕಾಲವೇ ದೇವರನ್ನು ಬಿಟ್ಟಿದೆ, ನಾವೇನು ಮಾಡೋಣ ಎಂದು ಕೆಲವರು ಕೈಚೆಲ್ಲುತ್ತಾರೆ. ಅವರಿಗೆ ನಮ್ಮ ವಿಜಯಪುರವನ್ನೇ ತೋರಿಸುತ್ತೇನೆ. 2023ರ ಜನವರಿ 2ರಂದು ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ತೀರಿಕೊಂಡರು. ಲಕ್ಷಗಟ್ಟಲೆ ಜನ ಬಂದರು. ಅವರಲ್ಲಿ ಪ್ಯಾಂಟು ಹಾಕಿದ, ಮೊಬೈಲ್ ಹಿಡಿದ ಹುಡುಗರೂ ಇದ್ದರು. ಸ್ವಾಮೀಜಿಯ ಅಂಗಿಗೆ ಕಿಸೆ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ಬೇಡ ಎಂದಿದ್ದರು. ತನಗೆ ಸ್ಮಾರಕ ಕಟ್ಟಬೇಡಿ ಎಂದು ಬರೆದಿಟ್ಟಿದ್ದರು. ಬೆಳಗಿನ ಜಾವ ಕೂತು ಯಾರಿಗೂ ಅರ್ಥವಾಗುವ ಕನ್ನಡದಲ್ಲಿ ಮಾತಾಡುತ್ತಿದ್ದರು, ಯಾರನ್ನೂ ಬೈಯುತ್ತಿರಲಿಲ್ಲ. ಆ ಪ್ರವಚನಕ್ಕೆ ನಮ್ಮ ಸಭೆಯವರೂ ಹೋಗಿ ಕೂತದ್ದು ನನಗೆ ಗೊತ್ತು. ಈ ಜನರಿಗೆ ದೇವರ ಮಾತು ಬೇಡವಾಗಿದೆ ಎಂದು ನಾನು ಒಪ್ಪುವುದಿಲ್ಲ. ಹೇಳುವವರು ಹೇಳಿದ ಹಾಗೆ ಬದುಕಿದರೆ ಈಗಲೂ ಕೇಳುತ್ತಾರೆ. ಚೀಲ ಬೇಡ, ಸೊಂಟದಲ್ಲಿ ದುಡ್ಡು ಬೇಡ ಎಂದು ಶಿಷ್ಯರನ್ನು ಕಳಿಸಿದ ಯೇಸುವಿನ ಸಭೆಗೆ ಇದು ಹೊಸ ಪಾಠ ಆಗಬಾರದಿತ್ತು.

ನಮ್ಮವರಲ್ಲೂ ಅಂಥವರಿದ್ದರು. ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಷನ್‌ನ ಪಾಸ್ಟರ್. ಊರೂರು ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿದರು, ಬಸವಣ್ಣನವರ ಮೇಲೆ ಪ್ರೀತಿಯಿಂದ ಬರೆದರು, 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ತಮ್ಮ ನಂಬಿಕೆಯನ್ನು ಬಿಡಲಿಲ್ಲ. ಪಾಸ್ಟರ್ ಒಬ್ಬರ ಮಾತನ್ನು ಇಡೀ ನಾಡು ಕೇಳಿಸಿಕೊಂಡಿತ್ತು. ಈಗ ನಮ್ಮ ಎಷ್ಟು ಮಕ್ಕಳಿಗೆ ಅವರ ಹೆಸರು ಗೊತ್ತು? ಬೈಲಹೊಂಗಲದ ಕಡೆ ದೇಶನೂರಿನಲ್ಲಿ ಯೇಸುಸಭೆಯ (ಜೆಸ್ವಿಟ್) ಕಥೋಲಿಕ ಗುರುಗಳು ಚರ್ಚನ್ನು ವಿರಕ್ತಮಠದ ರೀತಿಯಲ್ಲಿ ಕಟ್ಟಿದರು. ಕಾವಿ ಉಟ್ಟು, ಈ ನೆಲದ ಸಾಧುಗಳ ಹಾಗೆ ಬದುಕಿದರು. ಅದನ್ನು ಎಲ್ಲರೂ ಒಪ್ಪಲಿಕ್ಕಿಲ್ಲ. ನನಗೆ ಮೆಚ್ಚುಗೆ ಇದೆ, ಯಾಕೆಂದರೆ ಅವರು ಸುತ್ತಲಿನ ಜನರನ್ನು ಗಮನಿಸಿ ನೋಡಿದರು. ಕೂಡಲಸಂಗಮ ನಮ್ಮದೇ ಜಿಲ್ಲೆಯಲ್ಲಿದೆ. ನಮ್ಮ ಮಕ್ಕಳು ಶಾಲೆಯಲ್ಲಿ ಬಸವಣ್ಣನ ವಚನ ಬಾಯಿಪಾಠ ಮಾಡಿ ಬೆಳೆಯುತ್ತಾರೆ, ದೇವರನ್ನೇ ಕೇಳುವ ಧೈರ್ಯವನ್ನು ಅಲ್ಲಿ ಕಲಿಯುತ್ತಾರೆ. ಚರ್ಚಿಗೆ ಬಂದಾಗ ಮಾತ್ರ ಬಾಯಿ ಮುಚ್ಚಿಕೊಳ್ಳಿ ಎಂದರೆ ಹೇಗೆ?

ಈಗ ಕಷ್ಟದ ಮಾತು. ಸಭೆಗಳೊಳಗಿನ ಗುಂಪುಗಾರಿಕೆಯನ್ನು ಮಕ್ಕಳು ನೋಡುತ್ತಿದ್ದಾರೆ. ಕಮಿಟಿಯ ಚುನಾವಣೆ ಬಂದರೆ ಮನೆಮನೆಗೆ ಓಡಾಡುವವರು, ಯಾರಾದರೂ ಆಸ್ಪತ್ರೆಯಲ್ಲಿದ್ದರೆ ಒಂದು ಫೋನೂ ಮಾಡುವುದಿಲ್ಲ. ಅಂಗಡಿ ಬಾಡಿಗೆ, ಜಾಗದ ಲೀಸು, ಕೋರ್ಟ್ ಕೇಸು. ಯಾವ ಸಭೆ ಎಂದು ನಾನು ಬರೆಯುವುದಿಲ್ಲ. ಓದುವ ನಿಮಗೆ ನಿಮ್ಮ ಸಭೆ ನೆನಪಾದರೆ ಅಷ್ಟು ಸಾಕು. ಕಾಣಿಕೆ ಎಷ್ಟು ಬಂತು, ಯಾವುದಕ್ಕೆ ಹೋಯಿತು ಎಂದು ಪ್ರತಿ ತಿಂಗಳು ನೋಟಿಸ್ ಬೋರ್ಡಿಗೆ ಹಚ್ಚಿ. ಸುಗ್ಗಿ ಹಬ್ಬದ ಸವಾಲಿನಲ್ಲಿ (ಹರಾಜಿನಲ್ಲಿ) ಒಂದು ಕುಂಬಳಕಾಯಿಗೆ ಸಾವಿರ ಕೊಟ್ಟು ಕೂಗುವ ಜನ ನಮ್ಮವರು. ಕೊಡುವ ಕೈ ಈಗಲೂ ದೊಡ್ಡದಿದೆ. ಕೊಟ್ಟದ್ದು ಎಲ್ಲಿ ಹೋಯಿತು ಎಂದು ತಿಳಿಯುವ ಹಕ್ಕೂ ಅವರಿಗಿದೆ.

ಪಾಸ್ಟರ್‌ಗಳ ಕಷ್ಟ ನನಗೆ ಗೊತ್ತು. ಒಬ್ಬರೇ ಮೂರ್ನಾಲ್ಕು ಊರು ನೋಡಬೇಕು, ಕಡತ ಬರೆಯಬೇಕು, ಕಮಿಟಿಯ ಎರಡೂ ಗುಂಪಿಗೆ ಬೇಕಾದವರಾಗಿರಬೇಕು, ಅಷ್ಟರಲ್ಲಿ ವರ್ಗಾವಣೆ. ಅವರ ಮನೆಯವರ ಪಾಡಂತೂ ಯಾರೂ ಕೇಳುವುದಿಲ್ಲ. ಹಿರಿಯರೇ, ಆ ಕಡತದ ಕೆಲಸವನ್ನು ನೀವು ತೆಗೆದುಕೊಳ್ಳಿ. ಲೆಕ್ಕ ಬರೆಯಲು ನಮ್ಮಲ್ಲಿ ನಿವೃತ್ತ ಬ್ಯಾಂಕಿನವರಿದ್ದಾರೆ, ಮೇಷ್ಟ್ರುಗಳಿದ್ದಾರೆ. ಪಾಸ್ಟರ್‌ನನ್ನು ಜನರ ಮನೆಗೆ ಬಿಡಿ.

ಮನೆ ಎಂದಾಗ ಭಯದ ಮಾತೂ ಬರುತ್ತದೆ. 2021ರ ಡಿಸೆಂಬರ್ 23ರಂದು, ಕ್ರಿಸ್ಮಸ್‌ಗೆ ಎರಡು ದಿನ ಇರುವಾಗ, ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮತಾಂತರ ತಡೆ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಿತು. 2022ರಲ್ಲಿ ಅದು ಕಾನೂನಾಯಿತು. ಅದನ್ನು ರದ್ದು ಮಾಡುವುದಾಗಿ 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಆದರೆ ಆ ದಿನಗಳ ಹೆದರಿಕೆ ನಮ್ಮೊಳಗೆ ಕೂತುಬಿಟ್ಟಿದೆ. ನಾಲ್ಕು ಜನ ಸೇರಿ ಮನೆಯಲ್ಲಿ ಹಾಡಿದರೆ ಯಾರು ಏನಂದುಕೊಳ್ಳುತ್ತಾರೋ ಎಂದು ಮನೆಕೂಟಗಳು ಎಷ್ಟೋ ಕಡೆ ನಿಂತವು. ಹೆದರಿಕೆ ಸುಳ್ಳಲ್ಲ. ಆದರೆ ನಮ್ಮ ಮನೆಯಲ್ಲಿ ನಮ್ಮ ಮಕ್ಕಳ ಜೊತೆ ಕೂತು ಪ್ರಾರ್ಥಿಸಲು ಸಂವಿಧಾನದ 25ನೇ ವಿಧಿ ನಮಗೆ ಹಕ್ಕು ಕೊಟ್ಟಿದೆ. ಎಲ್ಲಾ ಧರ್ಮದವರಿಗೂ ಒಂದೇ ಹಕ್ಕು ಎನ್ನುವ ಈ ರಾಜ್ಯವ್ಯವಸ್ಥೆ ನಮ್ಮಂಥ ಕಡಿಮೆ ಜನರಿಗೆ ದೊಡ್ಡ ಆಸರೆ. ಅದನ್ನೇ ನೆಚ್ಚಿಕೊಂಡು ಬದುಕುತ್ತಾ, ರವಿವಾರ ಮಾತ್ರ ಇದು ದೇವರಿಲ್ಲದ ಕಾಲ, ಕೆಟ್ಟ ಕಾಲ ಎಂದು ಪ್ರಸಂಗ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಯೂಟ್ಯೂಬಿನ ಅದ್ಭುತ ಪ್ರಾರ್ಥನೆಗಳ ಜೊತೆ ಪೈಪೋಟಿಗೆ ಇಳಿಯಬೇಡಿ ಎಂದೂ ಕೇಳಿಕೊಳ್ಳುತ್ತೇನೆ. ಪ್ರಾರ್ಥಿಸಿದ ಎಣ್ಣೆ ಎಂದು ಮಾರುವವರ ಜೊತೆ ನಮಗೆ ಸ್ಪರ್ಧೆ ಬೇಡ.

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿ ಬಂದದ್ದು ನಿಮಗೆ ನೆನಪಿರಬೇಕು. ಊರಿಗೆ ಊರೇ ಎದ್ದು ಗಂಜಿ ಕೇಂದ್ರಕ್ಕೆ ಬಂತು. ಆಗ ನಮ್ಮ ಸಭೆಯ ಹಿಂದಿನ ಕೋಣೆಯಲ್ಲಿ ಹೆಂಗಸರು ರೊಟ್ಟಿ ಬಡಿಯಲು ಕೂತರು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಕೇಂದ್ರಗಳಿಗೆ ಒಯ್ದವರು ಯಾರು? ವರ್ಷಗಟ್ಟಲೆ ರವಿವಾರ ಮುಖ ತೋರಿಸದ ಹುಡುಗರು. ಯಾರೂ ಕರೆದಿರಲಿಲ್ಲ, ಸುದ್ದಿ ಕೇಳಿ ಬೈಕ್ ತೆಗೆದುಕೊಂಡು ಬಂದರು. ಮೊಣಕಾಲುದ್ದ ಕೆಸರಲ್ಲಿ ಚೀಲ ಹೊತ್ತು ನಡೆದರು. ರಾತ್ರಿ ವಾಪಸ್ ಬಂದಾಗ ಕೋಣೆಯ ಗೋಡೆಗೆ ಒರಗಿ, ಉಳಿದ ರೊಟ್ಟಿ ಮುರಿದು ಹಂಚಿಕೊಂಡು ತಿಂದರು. ಮಲಗುವ ಮುಂಚೆ ಅವರಲ್ಲೊಬ್ಬ, ‘ಪ್ರಾರ್ಥನೆ ಮಾಡೋಣ್ವಾ?’ ಎಂದು ಕೇಳಿದ. ಯಾರೂ ಬೇಡ ಅನ್ನಲಿಲ್ಲ.

ಮುಂದಿನ ರವಿವಾರ ವೇದಿಕೆಯಿಂದ ಅಕ್ಕಿ ಕೊಟ್ಟವರ, ದುಡ್ಡು ಕೊಟ್ಟವರ ಹೆಸರು ಓದಿದರು, ಶಾಲು ಹೊದಿಸಿದರು. ಆ ಹುಡುಗರನ್ನು ಯಾರೂ ನೆನೆಯಲಿಲ್ಲ. ಅವರಲ್ಲಿ ಕೆಲವರು ಆ ದಿನ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಬಾಗಿಲು ತೆರೆದುಕೊಂಡಿತ್ತು, ನಾವೇ ನೋಡಲಿಲ್ಲ. ನನಗೆ ಈಗಲೂ ಇದು ನೋವಿನ ವಿಷಯ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಹಾಡುವವರು, ಹೂವಿಡುವವರು, ಸಂಡೇ ಸ್ಕೂಲ್ ನಡೆಸುವವರು, ರೋಗಿಗಳನ್ನು ನೋಡಿ ಬರುವವರು ಬಹುತೇಕ ಹೆಂಗಸರು. ತೀರ್ಮಾನ ಮಾಡುವ ಮೇಜಿನ ಸುತ್ತ ಎಷ್ಟು ಹೆಂಗಸರಿದ್ದಾರೆ ಎಂದು ನಿಮ್ಮ ನಿಮ್ಮ ಸಭೆಯಲ್ಲಿ ಎಣಿಸಿ ನೋಡಿ. 2013ರಲ್ಲಿ ನಂದ್ಯಾಲದಲ್ಲಿ ಪುಷ್ಪಲಲಿತಾ ಅವರು ದಕ್ಷಿಣ ಭಾರತ ಸಭೆಯ (ಸಿಎಸ್ಐ) ಮೊದಲ ಮಹಿಳಾ ಬಿಷಪ್ ಆದರು. ಕಾಲೇಜು ಓದಿದ ನಮ್ಮ ಹುಡುಗಿಯರು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದಾರೆ. ಚರ್ಚಿಗೆ ಬಂದರೆ ಚಹಾ ಹಂಚುವ ಕೆಲಸ ಸಿಗುತ್ತದೆ.

ನಾನು ಕೇಳುವುದು ದುಡ್ಡಿನ ಕೆಲಸವಲ್ಲ. ತಿಂಗಳಿಗೆ ಒಂದು ರವಿವಾರ ಆರಾಧನೆ ಮುಗಿದ ಮೇಲೆ ಪಾಸ್ಟರ್ ವೇದಿಕೆ ಬಿಟ್ಟು ಕೆಳಗೆ ಹುಡುಗರ ನಡುವೆ ಕೂರಲಿ. ಅವರು ಏನು ಬೇಕಾದರೂ ಕೇಳಲಿ: ವಿಕಾಸವಾದ, ಬೇರೆ ಧರ್ಮದವರ ಜೊತೆ ಮದುವೆ, ಚರ್ಚಿನೊಳಗೂ ಉಳಿದಿರುವ ಜಾತಿ, ಆತ್ಮಹತ್ಯೆ ಮಾಡಿಕೊಂಡವರಿಗೆ ಸ್ವರ್ಗ ಇದೆಯಾ. ಆ ಹೊತ್ತಿನಲ್ಲಿ ಹಿರಿಯರು ಯಾರೂ ಗದರಬಾರದು. ಬಾಗಲಕೋಟೆಯ ವಿದ್ಯಾಗಿರಿ, ಬೆಳಗಾವಿ, ವಿಜಯಪುರದ ಹಾಸ್ಟೆಲ್‌ಗಳಲ್ಲಿ ಬೇರೆ ಊರಿನಿಂದ ಬಂದ ನಮ್ಮ ಮಕ್ಕಳಿದ್ದಾರೆ. ಊರಿನ ಪಾಸ್ಟರ್ ಆ ಊರಿನ ಪಾಸ್ಟರ್‌ಗೆ ಒಂದು ಫೋನ್ ಮಾಡಿ ಹೆಸರು ತಿಳಿಸಲಿ. ಮೆಥಡಿಸ್ಟ್, ಸಿಎಸ್ಐ, ಕಥೋಲಿಕ ಎಂಬ ಗೋಡೆ ಇದಕ್ಕೆ ಅಡ್ಡ ಬರದಿರಲಿ. ಅವರನ್ನು ಒಂದು ಮಧ್ಯಾಹ್ನ ಊಟಕ್ಕೆ ಕರೆಯಿರಿ. ಮೆಸ್ಸಿನ ಊಟ ಉಂಡು ಬೇಸತ್ತ ಮಕ್ಕಳು ಖಂಡಿತ ಬರುತ್ತಾರೆ.

ಪ್ರತಿ ಸಭೆಯ ರಿಜಿಸ್ಟರಿನಲ್ಲಿ ದೃಢೀಕರಣ ಪಡೆದವರ ಹೆಸರು, ವರ್ಷ ಇದೆ. ಮುಂದಿನ ಕಮಿಟಿ ಮೀಟಿಂಗಿಗೆ ಆ ರಿಜಿಸ್ಟರ್ ತನ್ನಿ. ಒಂದೊಂದೇ ಹೆಸರು ಓದಿ. ಯಾರು ಎಲ್ಲಿದ್ದಾರೆ, ಅವರ ಜೊತೆ ಕೊನೆಯ ಸಲ ಮಾತಾಡಿದ್ದು ಯಾರು ಎಂದು ಪಕ್ಕದಲ್ಲಿ ಬರೆಯಿರಿ. ನಮ್ಮ ಸಭೆಯ ಪಟ್ಟಿ ಮಾಡುವ ಕೆಲಸವನ್ನು ನಾನು ಆಗಲೇ ಶುರು ಮಾಡಿದ್ದೇನೆ, ಗೊತ್ತಿರುವಷ್ಟು ಫೋನ್ ನಂಬರೂ ಸೇರಿಸಿದ್ದೇನೆ. ಕಮಿಟಿ ಸೇರುವ ದಿನ ತಂದು ಮೇಜಿನ ಮೇಲೆ ಇಡುತ್ತೇನೆ. ಯಾರ ಮನೆಗೆ ಯಾರು ಹೋಗಬೇಕು ಎಂದು ಅಲ್ಲೇ ಹಂಚಿಕೊಳ್ಳೋಣ.

ನಿಮ್ಮ ಸಭೆಯ ಒಬ್ಬ ಸಹೋದರಿ,
ಬಾಗಲಕೋಟೆ